ರಕ್ತದ ಗುಟ್ಟನ್ನು ಬಿಡಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್

ಪ್ರತಿ ವರ್ಷ ಜೂನ್ ೧೪ನೆಯ ದಿನವನ್ನು ಲೋಕದ ನಾನಾ ರಾಷ್ಟ್ರಗಳು ರಕ್ತದಾನಿಗಳ ದಿನವೆಂದು ಆಚರಿಸುತ್ತವೆ. ೨೦೦೪ರಲ್ಲಿ ಮೊದಲಾದ ಈ ಆಚರಣೆಗೆ ಆ ದಿನವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅದು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ಮಹನೀಯನ ಜನ್ಮದಿನ. ತುಮಕೂರಿನ ಆಸ್ಪತ್ರೆಯಲ್ಲಿ ಹೆರಿಗೆಯ ಸಂಕಟದಿಂದ ಪಾರಾದ ತಾಯಿಯಾಗಲಿ, ಕುಣಿಗಲ್ಲಿನ ಹೆದ್ದಾರಿಯಲ್ಲಿ ಗಾಯಗೊಂಡು ಮರುಜೀವ ಪಡೆದ ಪ್ರಯಾಣಿಕನಾಗಲಿ ಆ ಹೆಸರನ್ನು ಕೇಳಿರಲಾರರು. ಆದರೂ ಅವರ ಪ್ರಾಣ ಉಳಿದುದರಲ್ಲಿ ಆತನ ಪಾಲಿದೆ. ಉಪಕಾರಿಯ ಹೆಸರನ್ನು ಅರಿಯದೆ ಉಪಕಾರವನ್ನು ಅನುಭವಿಸುವುದು ಲೋಕದ ರೂಢಿಯೇ ಆದರೂ, ವಿದ್ಯಾವಂತರಾದ ನಾಗರಿಕರು ಇಂಥವರ ಜೀವನವನ್ನು ಒಮ್ಮೆಯಾದರೂ ತಿಳಿದುಕೊಳ್ಳುವುದು ಯುಕ್ತವೆಂದು ಭಾವಿಸಿ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಲ್ಯಾಂಡ್‌ಸ್ಟೈನರ್ ಹುಟ್ಟಿದುದು ೧೮೬೮ರಲ್ಲಿ, ಆಸ್ಟ್ರಿಯ ದೇಶದ ವಿಯೆನ್ನಾ ಸೀಮೆಯಲ್ಲಿ. ತಂದೆ ಲಿಯೋಪೋಲ್ಡ್ ಆ ನಗರದ ಪ್ರಸಿದ್ಧ ಪತ್ರಿಕಾಸಂಪಾದಕ. ಬಾಲಕನಿಗೆ ಆರು ವರ್ಷ ವಯಸ್ಸಾಗಿದ್ದಾಗಲೇ ತಂದೆ ತೀರಿಕೊಂಡನು. ಆ ಬಳಿಕ ಮಗನನ್ನು ಸಾಕಿ ಸಲಹಿ ವಿದ್ಯಾವಂತನನ್ನಾಗಿ ಮಾಡಿದವಳು ತಾಯಿ ಫಾನಿ. ಆಕೆಯ ಮೇಲಿನ ಭಕ್ತಿ ಆತನಲ್ಲಿ ಕಡೆಯವರೆಗೂ ಕುಂದಲಿಲ್ಲ. ಆಕೆ ಕಾಲವಾದ ಮೇಲೆ ಆಕೆಯ ಮುಖದ ಅಚ್ಚನ್ನು ತೆಗೆಯಿಸಿ ತನ್ನ ಕೋಣೆಯ ಗೋಡೆಯ ಮೇಲೆ ಜೀವಮಾನವೆಲ್ಲ ಇಟ್ಟುಕೊಂಡಿದ್ದನು. ೧೮೯೧ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿಯನ್ನು ಪಡೆದರೂ ರೋಗಿಗಳ ನಾಡಿ ಹಿಡಿದು ಹಣ ಸಂಪಾದಿಸುವ ಮಾರ್ಗ ಆತನಿಗೆ ರುಚಿಸಲಿಲ್ಲ. ದೇಹದ ವ್ಯಾಪಾರಗಳ ಮೂಲವು ರಸಾಯನದಲ್ಲಿದೆಯೆಂದು ನಂಬಿ, ಜರ್ಮನಿಯಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿಯೂ ಎಮಿಲ್ ಫಿಷರ್ ಮೊದಲಾದ ರಸಾಯನಶಾಸ್ತ್ರಜ್ಞರ ಬಳಿ ಕೆಲಕಾಲ ಶಿಷ್ಯವೃತ್ತಿ ಮಾಡಿದನು. ತರುವಾಯ ವಿಯೆನ್ನಾಕ್ಕೆ ಹಿಂದಿರುಗಿ, ೧೮೯೭ರಿಂದ ೧೯೦೮ರವರೆಗೆ ಅಲ್ಲಿಯ ರೋಗಶರೀರಶಾಸ್ತ್ರದ ಶಾಲೆಯಲ್ಲಿ ಸಹಾಯಕನಾಗಿದ್ದನು. ಆ ಅವಧಿಯಲ್ಲಿ ಆತನು ಪರೀಕ್ಷಿಸಿದ ಶವಗಳ ಸಂಖ್ಯೆ ಮೂರು ಸಾವಿರದ ಆರುನೂರಕ್ಕೂ ಮಿಕ್ಕಿತ್ತು. ಹಗಲು ಈ ದುಡಿಮೆ; ಉಳಿದ ವೇಳೆಯೆಲ್ಲ ಸ್ವಂತ ಪ್ರಯೋಗ.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಡುವುದೆಂದರೆ ಜೂಜಾಡಿದಂತೆಯೇ ಆಗಿದ್ದಿತು. ೧೬೬೭ರಲ್ಲಿ ಫ್ರಾನ್ಸಿನ ಡೆನಿ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಮನುಷ್ಯರಿಗೆ ಹಾಯಿಸಿ ನೋಡಿದ್ದನು. ಅದರಿಂದ ಒದಗಿದ ಅನರ್ಥ ದೊಡ್ಡದಾಗಿ, ಆ ಪ್ರಯತ್ನವೇ ನಿಷಿದ್ಧವಾಯಿತು. ೧೮೧೮ರಲ್ಲಿ ಲಂಡನ್ನಿನ ಬ್ಲಂಡೆಲ್ ಎಂಬಾತನು ಮನುಷ್ಯನಿಗೆ ಮನುಷ್ಯನ ರಕ್ತವೇ ತಕ್ಕುದೆಂದು ತೋರಿಸಿ, ಹೆರಿಗೆಯಲ್ಲಿ ರಕ್ತಸ್ರಾವದಿಂದ ಸಾಯುವ ಸ್ತ್ರೀಯರನ್ನು ಬದುಕಿಸಲು ಯತ್ನಿಸಿದನು. ಕೆಲವರು ಬದುಕಿದರು, ಕೆಲವರು ರಕ್ತ ಒಳಗೆ ಹೋದೊಡನೆಯೇ ನಡುಗಿ ನರಳಿ ಮಡಿದರು. ಒಬ್ಬಳಿಗೆ ಅಮೃತವಾದುದು ಮತ್ತೊಬ್ಬಳಿಗೆ ವಿಷವಾದುದು ಏಕೆಂಬುದನ್ನು ಹೇಳಬಲ್ಲವರಿರಲಿಲ್ಲ. ರೋಗವೇ ರಕ್ತವನ್ನು ಕೆಡಿಸುತ್ತದೆಂದು ಹಲವರು ಸಮಾಧಾನ ಹೇಳಿಕೊಂಡರು.

ಲ್ಯಾಂಡ್‌ಸ್ಟೈನರ್ ಆ ಸಮಾಧಾನಕ್ಕೆ ಒಪ್ಪಲಿಲ್ಲ. ಆರೋಗ್ಯವಂತರ ರಕ್ತಗಳಲ್ಲಿಯೇ ಭೇದವಿರಬಹುದೇ ಎಂಬುದು ಆತನ ಪ್ರಶ್ನೆ. ತನ್ನದನ್ನೂ ತನ್ನ ಜೊತೆಯ ಕೆಲಸಗಾರರದನ್ನೂ ಸೇರಿಸಿ ಕೆಲವರ ರಕ್ತವನ್ನು ತೆಗೆದು, ಕೆಂಪು ಕಣಗಳನ್ನು ಒಂದೆಡೆಗೂ ಮೇಲೆ ನಿಲ್ಲುವ ತಿಳಿರಸವನ್ನು ಒಂದೆಡೆಗೂ ಬೇರ್ಪಡಿಸಿ, ಪ್ರತಿಯೊಬ್ಬನ ರಸದೊಡನೆ ಪ್ರತಿಯೊಬ್ಬನ ಕಣಗಳನ್ನು ಬೆರೆಸುತ್ತ ಹೋದನು. ತನ್ನ ರಸವು ತನ್ನ ಕಣಗಳನ್ನು ಎಂದೂ ಬಾಧಿಸಲಿಲ್ಲ. ಆದರೆ ಕೆಲವರ ರಸವು ಬೇರೆ ಕೆಲವರ ಕಣಗಳನ್ನು ಮೊಸರಿನ ಗರಣೆಗಳಂತೆ ಗುಂಪುಗುಂಪಾಗಿ ಹೆಪ್ಪುಗೂಡಿಸಿತು. ಈ ಹೊಂದುವಿಕೆ ಹೊಂದದಿರುವಿಕೆಗಳಲ್ಲಿ ಒಂದು ಕ್ರಮವಿದೆಯೆಂಬುದನ್ನು ಆತನು ಕಂಡುಕೊಂಡನು. ೧೯೦೦ರಲ್ಲಿ ಒಂದು ಲೇಖನದ ಅಡಿಟಿಪ್ಪಣಿಯಲ್ಲಿ ಇದರ ಸೂಚನೆ ಬಂದಿತು. ೧೯೦೧ರಲ್ಲಿ ಪೂರ್ಣ ವಿವರಣೆ ಹೊರಬಿದ್ದಿತು. ಮನುಷ್ಯರ ರಕ್ತವು ಮೂರು ವರ್ಗದ್ದು. ಎ ಗುರುತುಳ್ಳ ಕಣಗಳವರ ರಸದಲ್ಲಿ ಬಿ ಗುರುತಿಗೆ ವಿರೋಧಿಯಿರುವುದು, ಬಿಯವರಲ್ಲಿ ಎ ಗುರುತಿಗೆ ವಿರೋಧಿ, ಮೂರನೆಯವರ ಕಣಗಳಲ್ಲಿ ಯಾವ ಗುರುತೂ ಇಲ್ಲದೆ ರಸದಲ್ಲಿ ಎರಡು ವಿರೋಧಿಗಳೂ ಇರುವುವು. ಈ ಮೂರನೆಯ ವರ್ಗವನ್ನೇ ಈಗ ಓ ಎಂದು ಕರೆಯುವುದು. ಮರುವರ್ಷ, ೧೯೦೨ರಲ್ಲಿ, ಆತನ ಸಹೋದ್ಯೋಗಿಗಳಾದ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಎಂಬುವರು ನಾಲ್ಕನೆಯದನ್ನು ಕಂಡರು. ಅದರಲ್ಲಿ ಎ ಗುರುತೂ ಉಂಟು, ಬಿ ಗುರುತೂ ಉಂಟು. ವಿರೋಧಿಗಳು ಮಾತ್ರ ಇಲ್ಲ. ಈ ನಾಲ್ಕನೆಯದೇ ಎಬಿ. ವಿರಳವಾದ ಈ ವರ್ಗದಲ್ಲಿಯೇ ಪ್ರಕೃತಿಯ ಒಂದು ದೊಡ್ಡ ತತ್ತ್ವವು ಅಡಗಿದ್ದಿತು.

ಆ ತತ್ತ್ವವನ್ನು ತಿಳಿಯಬೇಕಾದರೆ ಆನುವಂಶಿಕತೆಯ ವಿಚಾರವನ್ನು ಸ್ವಲ್ಪ ಹೇಳಬೇಕಾಗುತ್ತದೆ. ಲ್ಯಾಂಡ್‌ಸ್ಟೈನರನ ಅಡಿಟಿಪ್ಪಣಿ ಹೊರಟ ೧೯೦೦ರಲ್ಲಿಯೇ, ಅದೇ ಆಸ್ಟ್ರಿಯ ಸಾಮ್ರಾಜ್ಯದಲ್ಲಿ ಬಾಳಿ ೧೮೮೪ರಲ್ಲಿ ಕಾಲವಾಗಿದ್ದ ಮೆಂಡೆಲ್ ಎಂಬ ಸಂನ್ಯಾಸಿಯ ಬಟಾಣಿ ಗಿಡದ ಪ್ರಯೋಗಗಳು ಮರವೆಯಿಂದ ಎದ್ದು ಬಂದುವು. ಪ್ರತಿಯೊಂದು ಗುಣಕ್ಕೂ ಸಂತಾನವು ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಅಂಶಗಳನ್ನು ಪಡೆಯುತ್ತದೆಂದೂ, ಅವು ಭಿನ್ನವಾಗಿದ್ದಲ್ಲಿ ಒಂದು ಮೆರೆದು ಇನ್ನೊಂದು ಮರೆಯಾಗುತ್ತದೆಂದೂ ಆತನು ತೋರಿಸಿದ್ದನು. ಇದಕ್ಕೆ ದೂರದ ಉದಾಹರಣೆ ಬೇಡ. ಕುಣಿಗಲ್ ಸೀಮೆಯು ಮೈಸೂರು ತಳಿಯ ರೇಷ್ಮೆಯ ಬಿತ್ತನೆಗೂಡಿಗೆ ಹೆಸರಾದುದೆಂಬುದು ವಾಚಕರಿಗೆ ವಿದಿತವೇ ಇದೆ. ಹಳದಿ ಗೂಡಿನ ಮೈಸೂರು ತಳಿಯನ್ನು ಬಿಳಿಯ ಗೂಡಿನ ತಳಿಯೊಡನೆ ಕೂಡಿಸಿದಾಗ ಮಿಶ್ರಸಂತಾನದ ಗೂಡಿನಲ್ಲಿ ಹಳದಿಯ ಛಾಯೆಯೇ ಮೆರೆಯುತ್ತದೆ. ಬಿಳಿಯು ನಾಶವಾಗಿಲ್ಲ, ಅಡಗಿದೆ. ಮೊಮ್ಮಕ್ಕಳ ಕಾಲಕ್ಕೆ ಮತ್ತೆ ತಲೆಯೆತ್ತುತ್ತದೆ. ಇದು ಪ್ರಾಬಲ್ಯ. ಸಂಜೆಮಲ್ಲಿಗೆಯಲ್ಲಿ ಕೆಂಪು ಹೂವಿನ ಗಿಡವನ್ನೂ ಬಿಳಿ ಹೂವಿನ ಗಿಡವನ್ನೂ ಕೂಡಿಸಿದರೆ ನಸುಗೆಂಪಿನ ಹೂ ಅರಳುತ್ತದೆ. ಅಲ್ಲಿ ಯಾರೂ ಗೆಲ್ಲುವುದಿಲ್ಲ. ಇಬ್ಬರೂ ಕರಗಿ ಮೂರನೆಯದೊಂದು ತೋರುತ್ತದೆ. ಇದು ಅಪೂರ್ಣ ಪ್ರಾಬಲ್ಯ.

ಎಬಿ ರಕ್ತದ ಮಾತೇ ಬೇರೆ. ತಾಯಿಯಿಂದ ಎ ಬಂದಿದ್ದು ತಂದೆಯಿಂದ ಬಿ ಬಂದಿದ್ದರೆ ಒಂದು ಮತ್ತೊಂದನ್ನು ಮರೆಸುವುದಿಲ್ಲ, ಎರಡೂ ಕರಗಿ ಮೂರನೆಯದಾಗುವುದೂ ಇಲ್ಲ. ಒಂದೇ ಕಣದ ಮೇಲೆ ಎ ಗುರುತು ಎಯಾಗಿಯೇ, ಬಿ ಗುರುತು ಬಿಯಾಗಿಯೇ, ಎರಡೂ ಸ್ಪಷ್ಟವಾಗಿ ನಿಲ್ಲುತ್ತವೆ. ೧೮೮೪ರಲ್ಲಿ ಸ್ಥಾಪಿತವಾಗಿ ನಾಡಿನಲ್ಲೆಲ್ಲ ಹೆಸರಾದ ಗುಬ್ಬಿಯ ನಾಟಕ ಕಂಪನಿಯ ರಂಗವನ್ನು ನೆನೆದರೆ ಈ ಭೇದವು ಸುಲಭವಾಗಿ ತಿಳಿದೀತು. ಇಬ್ಬರು ನಟರು ಕೂಡಿ ಹಾಡುವಾಗ ಒಬ್ಬನ ಕಂಠದಲ್ಲಿ ಮತ್ತೊಬ್ಬನದು ಮುಳುಗಿದರೆ ಅದು ಪ್ರಾಬಲ್ಯ. ಎರಡು ಕಂಠಗಳೂ ಬೆರೆತು ಯಾರದೆಂದು ತಿಳಿಯದ ನಾದವಾದರೆ ಅದು ಅಪೂರ್ಣ ಪ್ರಾಬಲ್ಯ. ಕಡೆಯ ಸಾಲಿನ ಪ್ರೇಕ್ಷಕನಿಗೂ ಇದು ಇವನದು, ಅದು ಅವನದು ಎಂದು ಎರಡೂ ಬೇರೆಬೇರೆಯಾಗಿ ಕೇಳಿದರೆ ಅದೇ ಸಹಪ್ರಾಬಲ್ಯ.

ರಕ್ತದ ಗುರುತುಗಳು ಮೆಂಡೆಲನ ನಿಯಮದಂತೆ ವಂಶಪಾರಂಪರ್ಯವಾಗಿ ಬರುತ್ತವೆಂದು ೧೯೧೦ರಲ್ಲಿ ತೋರಿಸಿದವರು ಫಾನ್ ಡುಂಗರ್ನ್ ಮತ್ತು ಹಿರ್ಷ್‌ಫೆಲ್ಡ್ ಎಂಬುವರು. ಆದರೆ ಅವರು ಎ ಮತ್ತು ಬಿಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬೇರೆ ಗುಣಗಳೆಂದು ಎಣಿಸಿದ್ದರು. ೧೯೨೪ರಲ್ಲಿ ಬರ್ನ್‌ಸ್ಟೈನ್ ಎಂಬ ಗಣಿತಜ್ಞನು ಜನಸಮುದಾಯಗಳಲ್ಲಿ ಈ ವರ್ಗಗಳ ಪ್ರಮಾಣವನ್ನು ಲೆಕ್ಕಹಾಕಿ, ಎ, ಬಿ, ಓ ಮೂರೂ ಒಂದೇ ಪೀಠಕ್ಕೆ ಹಕ್ಕುದಾರರೆಂದು ಸಿದ್ಧಪಡಿಸಿದನು. ಒಬ್ಬ ಮನುಷ್ಯನಲ್ಲಿ ಆ ಪೀಠಗಳು ಎರಡೇ. ಆದಕಾರಣ ಎಬಿಯಾದವನು ತನ್ನ ಮಗುವಿಗೆ ಎಯನ್ನಾದರೂ ಕೊಡಬೇಕು, ಬಿಯನ್ನಾದರೂ ಕೊಡಬೇಕು. ಅತಿ ವಿರಳವಾದ ಅಪವಾದಗಳನ್ನು ಬಿಟ್ಟರೆ ಎಬಿಯವನಿಗೆ ಓ ಮಗು ಹುಟ್ಟುವುದಿಲ್ಲ. ಹಳೆಯ ಎಣಿಕೆಯಂತೆ ಹುಟ್ಟಬಹುದಾಗಿತ್ತು. ಸಂಸಾರಗಳನ್ನು ಎಚ್ಚರದಿಂದ ಪರೀಕ್ಷಿಸಿದಾಗ ಹೊಸ ಎಣಿಕೆಯೇ ನಿಜವಾಯಿತು.

ಇದರಿಂದ ಗಮನಾರ್ಹವಾದ ಇನ್ನೊಂದು ಸಂಗತಿ ಹೊರಡುತ್ತದೆ. ಓದೊಡನೆ ಇದ್ದಾಗ ಎಯು ಪ್ರಬಲ. ಬಿಯೊಡನೆ ಇದ್ದಾಗ ಅದೇ ಎಯು ಸಹಪ್ರಬಲ. ಪ್ರಾಬಲ್ಯವೆಂಬುದು ಒಂದು ಅಂಶದ ಹುಟ್ಟುಗುಣವಲ್ಲ, ಜೊತೆಗಾರನಾರೆಂಬುದನ್ನು ಅವಲಂಬಿಸಿದ ಸಂಬಂಧ. ಪ್ರಬಲವಾದುದು ಶ್ರೇಷ್ಠವೆಂದಾಗಲಿ, ಸಂಖ್ಯೆಯಲ್ಲಿ ಹೆಚ್ಚೆಂದಾಗಲಿ ಅರ್ಥವಲ್ಲ. ದಕ್ಷಿಣ ಭಾರತದಲ್ಲಿ ಯಾವ ಗುರುತನ್ನೂ ತೋರದ ಓ ವರ್ಗದವರೇ ಬಹು ಸಂಖ್ಯೆಯಲ್ಲಿದ್ದಾರೆ. ಇದರ ರಾಸಾಯನಿಕ ಕಾರಣವೂ ಈಚೆಗೆ ತಿಳಿದುಬಂದಿದೆ. ಕಣದ ಮೇಲ್ಮೈಯಲ್ಲಿ ಸಕ್ಕರೆಗಳ ಒಂದು ಸರಪಳಿಯಿದೆ. ಎ ಅಂಶವು ಹುಟ್ಟಿಸುವ ಕಿಣ್ವವು ಅದರ ತುದಿಗೆ ಒಂದು ಬಗೆಯ ಸಕ್ಕರೆಯನ್ನೂ, ಬಿ ಅಂಶದ ಕಿಣ್ವವು ಬೇರೊಂದು ಬಗೆಯದನ್ನೂ ಕೂಡಿಸುತ್ತದೆ. ಓ ಅಂಶದ ಕಿಣ್ವವು ನಿಷ್ಕ್ರಿಯ. ಇಬ್ಬರು ಕೆಲಸಗಾರರು ಇದ್ದಲ್ಲಿ ಇಬ್ಬರೂ ದುಡಿಯುತ್ತಾರೆ. ಒಬ್ಬನೇ ಇದ್ದಲ್ಲಿ ಅವನ ಕೆಲಸವೇ ಕಾಣುತ್ತದೆ. ಸಹಪ್ರಾಬಲ್ಯದ ರಹಸ್ಯವು ಇಷ್ಟೆ.

ಈ ಮಹತ್ತರ ಶೋಧನೆಗೆ ಕಾಲೋಚಿತ ಮನ್ನಣೆ ದೊರೆತುದೇ ಎಂದರೆ, ಇಲ್ಲ. ಅನೇಕ ವರ್ಷಗಳವರೆಗೆ ವೈದ್ಯರು ಅದನ್ನು ಲಕ್ಷಿಸಲಿಲ್ಲ. ೧೯೦೭ರ ಸುಮಾರಿಗೆ ನ್ಯೂಯಾರ್ಕಿನ ಆಟನ್‌ಬರ್ಗ್ ಎಂಬ ವೈದ್ಯನು ರಕ್ತವನ್ನು ಕೊಡುವ ಮುನ್ನ ಹೊಂದಿಕೆಯನ್ನು ಪರೀಕ್ಷಿಸತೊಡಗಿದನು. ರಕ್ತವು ಹೆಪ್ಪುಗಟ್ಟದಂತೆ ಇಡುವ ಉಪಾಯವು ೧೯೧೪–೧೫ರಲ್ಲಿ ದೊರೆತ ಮೇಲೆ, ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ಅದರ ಬೆಲೆ ಲೋಕಕ್ಕೆ ಗೊತ್ತಾಯಿತು. ಇತ್ತ ಲ್ಯಾಂಡ್‌ಸ್ಟೈನರ್ ಬೇರೆ ಕ್ಷೇತ್ರಕ್ಕೆ ಹೊರಳಿದ್ದನು. ೧೯೦೮ರಲ್ಲಿ ವಿಲ್ಹೆಲ್ಮಿನಾ ಆಸ್ಪತ್ರೆಯನ್ನು ಸೇರಿದ ಆತನು, ಮಕ್ಕಳನ್ನು ಹೆಳವರನ್ನಾಗಿಸುವ ಪೋಲಿಯೊ ರೋಗವು ಕೋತಿಗಳಿಗೂ ಅಂಟುತ್ತದೆಂದು ಪಾಪರ್ ಎಂಬಾತನೊಡನೆ ತೋರಿಸಿ, ಅದಕ್ಕೆ ಬ್ಯಾಕ್ಟೀರಿಯಕ್ಕಿಂತ ಸೂಕ್ಷ್ಮವಾದ ಜೀವಿಯೇ ಕಾರಣವೆಂಬ ತಿಳಿವಳಿಕೆಗೆ ದಾರಿ ತೆರೆದನು. ೧೯೧೧ರಲ್ಲಿ ಪ್ರಾಧ್ಯಾಪಕನೆಂಬ ಬಿರುದು ಬಂದಿತು, ಅದಕ್ಕೆ ಸಂಬಳವಿರಲಿಲ್ಲ.

ಯುದ್ಧದಲ್ಲಿ ಸೋತ ಆಸ್ಟ್ರಿಯ ನುಚ್ಚುನೂರಾಯಿತು. ವಿಯೆನ್ನಾದಲ್ಲಿ ಅನ್ನಕ್ಕೂ ಸೌದೆಗೂ ಹಾಹಾಕಾರ. ೧೯೧೬ರಲ್ಲಿ ಮದುವೆಯಾಗಿ ಒಬ್ಬ ಮಗನ ತಂದೆಯಾಗಿದ್ದ ಐವತ್ತು ಮೀರಿದ ವಿಜ್ಞಾನಿ ಹಾಲೆಂಡಿನ ಹೇಗ್ ನಗರಕ್ಕೆ ವಲಸೆ ಹೋಗಿ, ಒಂದು ಸಣ್ಣ ಆಸ್ಪತ್ರೆಯ ಇಕ್ಕಟ್ಟಾದ ಕೋಣೆಯಲ್ಲಿ ರೋಗಿಗಳ ನಿತ್ಯಪರೀಕ್ಷೆಗಳನ್ನು ಮಾಡಿಕೊಂಡಿರಬೇಕಾಯಿತು. ಅಲ್ಲಿಯೂ ಆತನ ಸಂಶೋಧನೆ ನಿಲ್ಲಲಿಲ್ಲ. ೧೯೨೨ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಿಂದ ಆಹ್ವಾನ ಬಂದಿತು. ಅಲ್ಲಿ ೧೯೨೭ರಲ್ಲಿ ಲೆವಿನ್ ಎಂಬ ತರುಣನೊಡನೆ, ಮನುಷ್ಯರ ಕಣಗಳನ್ನು ಮೊಲಗಳಿಗೆ ಚುಚ್ಚಿ ಪಡೆದ ರಸದ ಸಹಾಯದಿಂದ, ಎಂ ಮತ್ತು ಎನ್ ಎಂಬ ಹೊಸ ಗುರುತುಗಳನ್ನು ಕಂಡುಹಿಡಿದನು. ಇದರಲ್ಲಿ ಸಹಪ್ರಾಬಲ್ಯವು ಇನ್ನೂ ನಿಚ್ಚಳ. ಇಲ್ಲಿ ಓದಂತೆ ಮರೆಯಾಗುವ ಮೂರನೆಯ ಪಾಲುಗಾರನಿಲ್ಲವಾದ್ದರಿಂದ ಪ್ರತಿಯೊಬ್ಬನೂ ಎಂ, ಎನ್ ಅಥವಾ ಎಂಎನ್ ಆಗಿಯೇ ಕಾಣುತ್ತಾನೆ. ಒಳಗಿರುವುದೆಲ್ಲ ಹೊರಗೆ ತೋರುತ್ತದೆ. ತಂದೆತಾಯಿಗಳಿಬ್ಬರೂ ಎಂಎನ್ ಆದಲ್ಲಿ ಇಂಥ ಸಂಸಾರಗಳ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಪಾಲು ಎಂ, ಎರಡು ಪಾಲು ಎಂಎನ್, ಒಂದು ಪಾಲು ಎನ್.

೧೯೩೦ರಲ್ಲಿ ನೊಬೆಲ್ ಪಾರಿತೋಷಕವು ಬಂದಾಗ ಮೊದಲ ಶೋಧನೆಗೆ ಸುಮಾರು ಮೂವತ್ತು ವರ್ಷಗಳು ತುಂಬಿದ್ದುವು. ೧೯೩೯ರಲ್ಲಿ ನಿವೃತ್ತನಾದರೂ ಪ್ರಯೋಗಶಾಲೆಯನ್ನು ಬಿಡದೆ, ೧೯೪೦ರಲ್ಲಿ ವೀನರ್ ಎಂಬಾತನೊಡನೆ ಆರ್‌ಎಚ್ ಗುರುತನ್ನು ಪ್ರಕಟಿಸಿದನು. ಉತ್ತರ ಹಿಂದುಸ್ಥಾನದ ರೀಸಸ್ ಕೋತಿಯ ಹೆಸರಿನ ಮೊದಲ ಅಕ್ಷರಗಳೇ ಆ ಗುರುತಿಗೆ ಹೆಸರಾದುವು. ದೇವರಾಯನದುರ್ಗದ ಬೆಟ್ಟದಲ್ಲಿ ನಾವು ಕಾಣುವ ಕೋಡಗಗಳಿಗೆ ಅವು ದಾಯಾದಿಗಳು. ಆ ಗುರುತಿಲ್ಲದ ತಾಯಿಯ ಗರ್ಭದಲ್ಲಿ ಗುರುತುಳ್ಳ ಶಿಶುವಿದ್ದರೆ ಮುಂದಿನ ಶಿಶುಗಳಿಗೆ ಅಪಾಯವೆಂಬುದು ಈ ಶೋಧನೆಯಿಂದ ವಿಶದವಾಯಿತು. ೧೯೬೮ರಿಂದ ಬಳಕೆಗೆ ಬಂದ, ಹೆರಿಗೆಯಾದ ೭೨ ಗಂಟೆಗಳೊಳಗಾಗಿ ತಾಯಿಗೆ ಕೊಡುವ ಒಂದು ಚುಚ್ಚುಮದ್ದು ಆ ಅಪಾಯವನ್ನು ಬಹುಮಟ್ಟಿಗೆ ನೀಗಿದೆ.

ಲ್ಯಾಂಡ್‌ಸ್ಟೈನರನು ೧೯೩೬ರ ಸುಮಾರಿಗೆ ಪೌಲಿಂಗ್ ಎಂಬ ರಸಾಯನಜ್ಞನನ್ನು ರಕ್ತದ ಸಮಸ್ಯೆಗಳ ಕಡೆಗೆ ತಿರುಗಿಸಿದನು. ಅದೇ ಪೌಲಿಂಗನು ೧೯೪೯ರಲ್ಲಿ ತನ್ನ ಸಂಗಡಿಗರೊಡನೆ, ಕುಡುಗೋಲು ಕಣದ ರೋಗವನ್ನು ಒಬ್ಬರೇ ಪಾಲಕರಿಂದ ಪಡೆದವರ ರಕ್ತದಲ್ಲಿ ಸಾಧಾರಣ ಹಿಮೊಗ್ಲೋಬಿನ್ನೂ ವಿಕೃತ ಹಿಮೊಗ್ಲೋಬಿನ್ನೂ ಎರಡೂ ಇರುತ್ತವೆಂದು ತೋರಿಸಿದನು. ರೋಗದ ದೃಷ್ಟಿಯಿಂದ ಅವರು ಹೆಚ್ಚುಕಡಮೆ ಆರೋಗ್ಯವಂತರು. ರಕ್ತದ ದೃಷ್ಟಿಯಿಂದ ಎರಡು ಅಂಶಗಳೂ ಸಹಪ್ರಬಲ. ಭಾರತ ಸರ್ಕಾರವು ೨೦೨೩ರಲ್ಲಿ ಈ ರೋಗದ ನಿರ್ಮೂಲನಕ್ಕಾಗಿ ಆರಂಭಿಸಿದ ಕಾರ್ಯದಲ್ಲಿ ಕರ್ನಾಟಕದ ಗಿರಿಜನರೂ ಸೇರಿದ್ದಾರೆ. ಅವರ ರಕ್ತದಲ್ಲಿ ಎರಡು ಅಂಶಗಳೂ ಕಾಣುವುದರಿಂದಲೇ ರೋಗವಾಹಕರನ್ನು ಮುಂಚಿತವಾಗಿ ಗುರುತಿಸುವುದು ಸಾಧ್ಯವಾಗಿದೆ.

ಆತನ ಕೊನೆಯ ವರ್ಷಗಳ ಮೇಲೆ ಒಂದು ಕರಿನೆರಳು ಕವಿದಿತ್ತು. ಹುಟ್ಟಿನಿಂದ ಯೆಹೂದ್ಯನಾದ ಆತನು ೧೮೯೦ರಲ್ಲಿಯೇ ಕ್ಯಾಥೊಲಿಕ್ ಮತವನ್ನು ಸೇರಿದ್ದನು. ಜರ್ಮನಿಯಲ್ಲಿ ರಕ್ತಶುದ್ಧಿಯ ಹೆಸರಿನಲ್ಲಿ ಯೆಹೂದ್ಯರ ಬೇಟೆ ನಡೆಯುತ್ತಿದ್ದ ೧೯೩೭ರಲ್ಲಿ, ಅಮೆರಿಕದ ಯೆಹೂದ್ಯ ಗಣ್ಯರ ಪಟ್ಟಿಯೊಂದರಲ್ಲಿ ತನ್ನ ಹೆಸರನ್ನು ಸೇರಿಸಬಾರದೆಂದು ಆತನು ನ್ಯಾಯಾಲಯಕ್ಕೆ ಹೋದನು. ಅಲ್ಲಿ ಜಯ ದೊರೆಯಲಿಲ್ಲ. ಇದನ್ನು ದೌರ್ಬಲ್ಯವೆಂದು ಹಳಿಯುವುದು ಸುಲಭ. ಆದರೆ ನೆತ್ತರಿನ ನಿಜವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೂ ನೆತ್ತರಿನ ಸುಳ್ಳಿಗೆ ಅಂಜಬೇಕಾದ ಕಾಲ ಬಂದಿದ್ದಿತೆಂಬುದೇ ಇಲ್ಲಿ ಶೋಚನೀಯವಾದುದು. ಹಿರ್ಷ್‌ಫೆಲ್ಡ್ ದಂಪತಿಗಳು ೧೯೧೯ರಲ್ಲಿ ಸಲೋನಿಕದ ರಣಭೂಮಿಯಲ್ಲಿ ಕೂಡಿದ್ದ ನಾನಾ ದೇಶದ ಸೈನಿಕರ ರಕ್ತವನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದ್ದರು. ಭಾರತೀಯ ಸಿಪಾಯಿಗಳಲ್ಲಿ ಬಿ ಹೆಚ್ಚು, ಇಂಗ್ಲಿಷರಲ್ಲಿ ಎ ಹೆಚ್ಚು; ಆದರೆ ಎಲ್ಲ ಜನಾಂಗಗಳಲ್ಲಿಯೂ ಎಲ್ಲ ವರ್ಗಗಳೂ ಇದ್ದುವು. ಪ್ರಮಾಣದ ಭೇದವನ್ನು ಜಾತಿಯ ಭೇದವೆಂದು ತಿರುಚಿದವರು ರಾಜಕಾರಣಿಗಳು. ಆ ಹಿರ್ಷ್‌ಫೆಲ್ಡನೇ ಮುಂದೆ ನಾಜಿಗಳ ಕೈಯಲ್ಲಿ ವಾರ್ಸಾದ ಯೆಹೂದ್ಯ ಕೇರಿಯ ಸೆರೆಯನ್ನು ಅನುಭವಿಸಬೇಕಾಯಿತು.

೧೯೪೩ರ ಜೂನ್ ೨೪ರಂದು ಲ್ಯಾಂಡ್‌ಸ್ಟೈನರನಿಗೆ ಪ್ರಯೋಗಶಾಲೆಯಲ್ಲಿಯೇ ಹೃದಯಾಘಾತವಾಯಿತು. ಎರಡು ದಿನಗಳ ತರುವಾಯ, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಆತನು ಕಾಲವಾದನು. ಅಷ್ಟರಲ್ಲಿ ಆತನ ಶೋಧನೆಯ ಬಲದಿಂದ ಎರಡನೆಯ ಮಹಾಯುದ್ಧದ ರಣರಂಗಗಳಲ್ಲಿ ಅಸಂಖ್ಯಾತ ಪ್ರಾಣಗಳು ಉಳಿಯುತ್ತಲಿದ್ದುವು.

ಸಹಪ್ರಾಬಲ್ಯವೆಂಬ ಮಾತನ್ನು ಕಾಡಿನ ಶಾಸ್ತ್ರಜ್ಞರೂ ಬಳಸುತ್ತಾರೆ. ಒಂದು ಜಾತಿಯ ಮರವೇ ಬೆಳಕನ್ನೂ ನೆಲವನ್ನೂ ಆಕ್ರಮಿಸಿದ್ದರೆ ಅದು ಪ್ರಬಲ ಜಾತಿ. ಎರಡು ಮೂರು ಜಾತಿಗಳು ಹೆಚ್ಚುಕಡಮೆ ಸರಿಸಮವಾಗಿ ತಲೆಯೆತ್ತಿ ನಿಂತಿದ್ದರೆ ಅವು ಸಹಪ್ರಬಲ. ಮೈಸೂರು ಬಯಲುಸೀಮೆಯ ಒಣಗಾಡುಗಳನ್ನು ವರ್ಣಿಸುವ ಶಾಸ್ತ್ರಜ್ಞರು ಒಂದು ಮರದ ಹೆಸರನ್ನು ಹೇಳಿ ಸುಮ್ಮನಾಗುವುದಿಲ್ಲ. ದಿಂಡಿಗ, ಹುರುಗಲು, ಚುಜ್ಜಲು ಎಂದು ಮೂರನ್ನು ಕೂಡಿಸಿಯೇ ಹೇಳುತ್ತಾರೆ. ಆದರೆ ಎರಡು ಶಾಸ್ತ್ರಗಳ ಮಾತಿಗೂ ಒಂದು ಅಂತರವಿದೆ. ರಕ್ತಕಣದಲ್ಲಿನ ಸಮಾನತೆಯನ್ನು ರಸಾಯನವು ಕಾಯುತ್ತದೆ. ಅದನ್ನು ಯಾರೂ ಕೆಡಿಸಲಾರರು. ಕಾಡಿನ ಸಮಾನತೆಯು ಪೈಪೋಟಿಯ ಫಲ. ಕೊಡಲಿ, ಬೆಂಕಿ, ಲಂಟಾನದ ಪೊದೆಗಳಿಂದ ಅದು ಕೆಡಬಹುದು. ನಾಲ್ಕಾರು ಜಾತಿಗಳು ಕೂಡಿ ಬಾಳಿದ ನೆಲದಲ್ಲಿ ನೀಲಗಿರಿಯೊಂದೇ ಸಾಲಾಗಿ ನಿಂತಿರುವ ತೋಪುಗಳನ್ನು ನಮ್ಮ ಜಿಲ್ಲೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಕೃತಿ ತಾನಾಗಿ ಕೊಟ್ಟ ಸಮಾನತೆ ಒಂದು; ಜನರು ಎಚ್ಚರದಿಂದ ಕಾದುಕೊಳ್ಳಬೇಕಾದ ಸಮಾನತೆ ಇನ್ನೊಂದು.

ಈ ಜೀವನದಿಂದ ನಮಗೆ ಒದಗುವ ಕರ್ತವ್ಯವು ಸ್ಪಷ್ಟವಾಗಿದೆ. ೧೯೫೨ರಲ್ಲಿ ಮುಂಬಯಿಯ ವೈದ್ಯ ಭೇಂಡೆ ಮತ್ತು ಅವರ ಸಂಗಡಿಗರು ಹೊಸದೊಂದು ರಕ್ತವನ್ನು ಲೋಕಕ್ಕೆ ತಿಳಿಸಿದರು. ಎ ಮತ್ತು ಬಿ ಗುರುತುಗಳು ನಿಲ್ಲಲು ಬೇಕಾದ ತಳಹದಿಯೇ ಇಲ್ಲದ ಆ ರಕ್ತದವರಿಗೆ ಓ ರಕ್ತವೂ ಹೊಂದುವುದಿಲ್ಲ. ತಮ್ಮಂಥವರ ರಕ್ತವೇ ಆಗಬೇಕು. ಅಂಥ ಒಬ್ಬ ರೋಗಿಗೆ ರಕ್ತ ಬೇಕಾದಾಗ ಯಾವ ಊರಿನವನು, ಯಾವ ಜಾತಿಯವನು, ಯಾವ ಮತದವನು ಎಂದು ಯಾರು ಕೇಳಿಯಾರು? ಸುಪ್ರೀಂ ಕೋರ್ಟಿನ ೧೯೯೬ರ ತೀರ್ಪಿನ ಫಲವಾಗಿ ೧೯೯೮ರ ಜನವರಿಯಿಂದ ನಮ್ಮ ದೇಶದಲ್ಲಿ ರಕ್ತವನ್ನು ಹಣಕ್ಕೆ ಮಾರುವುದು ನಿಷಿದ್ಧವಾಗಿದೆ. ಆದುದರಿಂದ ಆಸ್ಪತ್ರೆಯ ರಕ್ತನಿಧಿಯು ತುಂಬಬೇಕಾದರೆ ನಾಗರಿಕರ ದಾನವೊಂದೇ ಮಾರ್ಗ. ನೆಂಟರಿಗೆ ಆಪತ್ತು ಬಂದಾಗ ಮಾತ್ರ ಓಡಿಹೋಗಿ ತೋಳು ಚಾಚುವುದಕ್ಕಿಂತ, ಅಪರಿಚಿತನಿಗಾಗಿ ಮುಂಚಿತವಾಗಿ ಕೊಟ್ಟಿಡುವುದು ಉತ್ತಮ. ಏಕೆಂದರೆ ರಕ್ತವು ಬಹುದಿನ ಉಳಿಯುವ ವಸ್ತುವಲ್ಲ; ಕೆಂಪು ಕಣಗಳನ್ನು ಕೆಲವು ವಾರಗಳಿಗಿಂತ ಹೆಚ್ಚು ಕಾಲ ಇಡಲಾಗದು. ನಿಧಿಯು ಸದಾ ಹರಿಯುವ ಕಾಲುವೆಯಂತಿರಬೇಕು.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ವಿದ್ಯಾವಂತರೂ ಅಧಿಕಾರಿಗಳೂ ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಬೇಕೆಂಬುದು ನಮ್ಮ ಆಶಯ. ಕಚೇರಿಗೊಂದು, ಕಾಲೇಜಿಗೊಂದು, ಗ್ರಾಮಕ್ಕೊಂದು ದಾನಿಗಳ ಪಟ್ಟಿಯನ್ನು ಮಾಡಿ, ವರ್ಗವನ್ನು ಪರೀಕ್ಷಿಸಿ ಬರೆದಿಡುವುದಕ್ಕೆ ಅಧಿಕ ದ್ರವ್ಯವೂ ಬೇಡ, ಹೊಸ ಕಾನೂನೂ ಬೇಡ. ಹೊಂದಿಕೆಯಾದ ರಕ್ತವು ಯಾರದಾದರೂ ಸರಿ, ದೇಹವು ಅದನ್ನು ತನ್ನದೆಂದು ಸ್ವೀಕರಿಸುತ್ತದೆ. ಹಲವು ಮತ, ಹಲವು ಭಾಷೆ, ಹಲವು ಕುಲಗಳ ನಮ್ಮ ನಾಡು, ಒಂದು ಕಣದ ಮೇಲೆ ಎರಡು ಗುರುತುಗಳು ಒಂದನ್ನೊಂದು ಅಳಿಸದೆ ನಿಲ್ಲುವಂತೆ ನಿಲ್ಲಲು ಕಲಿತರೆ, ವಿಯೆನ್ನಾದ ಆ ಮಿತಭಾಷಿ ವಿದ್ವಾಂಸನ ಋಣವನ್ನು ತಕ್ಕಮಟ್ಟಿಗೆ ತೀರಿಸಿದಂತಾದೀತು.